ಹೊಸಿಲಾಚೆ ನಿಂತ ಕಾನೂನು

ಮಗಾ,

ಕುವೈತ್‌ನಿಂದ ನರ್ಸ್ ಕೆಲಸದ ಆಫರ್ ಲೆಟರ್ ಬಂತು, ಸರ್ಟಿಫಿಕೇಟುಗಳ ಡಾಟಾಫ್ಲೋ ಪರಿಶೀಲನೆ ಮುಗಿಯಿತು, ಇನ್ನು ಮೆಡಿಕಲ್ ಮತ್ತು ವೀಸಾ ಸ್ಟಾಂಪಿಂಗ್ ಮಾತ್ರ ಬಾಕಿ ಅಂತ ನಿನ್ನಮ್ಮ ಹೇಳಿದಳು. ಸಂತೋಷ. ಹೆಣ್ಣುಮಗಳು ಅಷ್ಟು ದೂರ ಯಾಕೆ ಹೋಗಬೇಕು ಎನ್ನುವವರು ಊರಲ್ಲಿ ಬೇಕಾದಷ್ಟು ಇದ್ದಾರೆ, ಆ ಸಾಲಿಗೆ ನಾನು ಸೇರುವುದಿಲ್ಲ. ನಾನೂ ಹೋದವಳೇ. ನಿನ್ನಮ್ಮನ ಮದುವೆ ಆದದ್ದು ಅಲ್ಲಿನ ಸಂಬಳದಲ್ಲಿ, ಈ ಮನೆಯ ಹಂಚು ಇಳಿದು ತಾರಸಿ ಏರಿದ್ದೂ ಅದರಲ್ಲೇ. ಎಷ್ಟು ಚಿನ್ನ ಮಾಡಬೇಕು, ಯಾವ ಸೆಂಟು ತರಬೇಕು ಎಂಬುದನ್ನು ಹೇಳುವುದಕ್ಕೆ ಬೇರೆಯವರು ಸಿಗುತ್ತಾರೆ. ಯಾವ ದಾರಿಯಲ್ಲಿ ಹೋಗಬೇಕು, ಹೋದ ಮೇಲೆ ಯಾರ ಕಡೆಗೆ ಕಣ್ಣಿಟ್ಟಿರಬೇಕು ಎನ್ನುವ ಎರಡು ಸಂಗತಿಗಳನ್ನು ನಿನ್ನ ದೊಡ್ಡಮ್ಮನಿಂದ ಕೇಳಿಕೋ.

ಮೊದಲು ದುಡ್ಡಿನ ಮಾತು. ವಿದೇಶಕ್ಕೆ ಜನ ಕಳಿಸುವ ಲೈಸೆನ್ಸ್ ಪಡೆದ ಏಜೆಂಟರು ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ ಭಾರತ ಸರ್ಕಾರ ಮಿತಿ ಹಾಕಿದೆ: 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಅದು ಅಪರಾಧ. ಕೇಳುವವರು ಇಲ್ಲವೇ ಎಂದರೆ, ಇದ್ದಾರೆ. 2015ರಲ್ಲಿ ಕೊಚ್ಚಿಯಲ್ಲಿ ಒಂದು ಹಗರಣ ಬಯಲಾಯಿತು, ಕುವೈತ್ ಆರೋಗ್ಯ ಇಲಾಖೆಗೆ ನರ್ಸುಗಳನ್ನು ಕಳಿಸುವ ವಿಷಯದಲ್ಲಿ. ತೆಗೆದುಕೊಳ್ಳಬೇಕಾಗಿದ್ದದ್ದು 19,500 ರೂಪಾಯಿ, ತೆಗೆದುಕೊಂಡದ್ದು ತಲೆಗೆ 19.5 ಲಕ್ಷ. ಎರಡೇ ಎರಡು ಸೊನ್ನೆ ಜಾಸ್ತಿ. ಆ ಸೊನ್ನೆಗಳಿಗಾಗಿ ಎಷ್ಟು ಮನೆಗಳ ಪತ್ರ ಬ್ಯಾಂಕಿಗೆ ಹೋಯಿತೋ! ಆ ಪ್ರಕರಣದಲ್ಲಿ ಸಿಬಿಐ ಕೇಸು ಹಾಕಿದವರ ಪೈಕಿ ವಲಸೆ ಹೋಗುವವರನ್ನು ಕಾಯಬೇಕಾದ ಸರ್ಕಾರಿ ಅಧಿಕಾರಿಯೂ ಇದ್ದ. ಆ ವರ್ಷವೇ ನಿಯಮ ಬಿಗಿಯಾಯಿತು. ಗಲ್ಫ್ ದೇಶಗಳೂ ಸೇರಿ ಹದಿನೆಂಟು ದೇಶಗಳಿಗೆ ಹೋಗುವ ನರ್ಸುಗಳು, ಎಷ್ಟೇ ಓದಿರಲಿ, ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆಯಲೇಬೇಕು. ನೇಮಕ ಸರ್ಕಾರಿ ಏಜೆನ್ಸಿಗಳ ಮೂಲಕ ಆಗಬೇಕು ಎಂದಾಯಿತು. ನಿಮ್ಮ ಕಾಲೇಜಿನ ಹುಡುಗಿಯರು ಅದನ್ನೊಂದು ಪೀಡೆ ಎಂದು ಬೈಯುವುದು ಕೇಳಿದ್ದೇನೆ. ಬೈಯಲಿ. ಆ ಪೀಡೆ ಹುಟ್ಟಿದ್ದು ನಿಮ್ಮಂಥವರ ಅಪ್ಪಂದಿರ ಗದ್ದೆ ಅಡವಿಗೆ ಬಿದ್ದದ್ದರಿಂದ.

ಜಗತ್ತಿನ ಲೆಕ್ಕದಲ್ಲಿ ನೋಡಿದರೆ ಆ 30,000ವೂ ಹೆಚ್ಚೇ. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2016ರಲ್ಲಿ ನ್ಯಾಯಬದ್ಧ ನೇಮಕಾತಿಗೆ ಒಂದಷ್ಟು ತತ್ವಗಳನ್ನು ಒಪ್ಪಿತು. ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರನಿಂದ ಶುಲ್ಕ ಕೀಳಬಾರದು, ಅದು ಧಣಿಯ ಖರ್ಚು ಎನ್ನುವುದು ಅದರ ಸಾರ. ಫಿಲಿಪ್ಪೀನ್ಸ್ ಮನೆಕೆಲಸಕ್ಕೆ ಹೋಗುವ ತನ್ನ ಹೆಣ್ಣುಮಕ್ಕಳ ಮಟ್ಟಿಗೆ 2006ರಲ್ಲೇ ಇದನ್ನು ನಿಯಮ ಮಾಡಿ, ತಿಂಗಳಿಗೆ ಕನಿಷ್ಠ 400 ಡಾಲರ್ ಸಂಬಳವನ್ನೂ ಗೊತ್ತು ಮಾಡಿತು. ನಾವು ಇನ್ನೂ ಮಿತಿಯ ಹಂತದಲ್ಲಿದ್ದೇವೆ. ಆ ಮಿತಿಯನ್ನಾದರೂ ಹಿಡಿದುಕೊಂಡು ನಿಲ್ಲು. ಕೊಟ್ಟದ್ದಕ್ಕೆಲ್ಲ ರಸೀದಿ ಇರಲಿ. ರಸೀದಿ ಕೊಡದವನ ಕೈಗೆ ಹಣ ಹೋಗದಿರಲಿ, ಅವನು ನಿನ್ನ ಮಾವನ ಪೈಕಿಯವನೇ ಆಗಿರಲಿ.

ಕ್ಲಿಯರೆನ್ಸ್ ಆಗುವಾಗ ನಿನ್ನ ಕರಾರುಪತ್ರ ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಸಂಬಳ, ಪಾಳಿ, ರಜೆ, ವಸತಿ, ಹಿಂತಿರುಗುವ ಟಿಕೆಟ್ ಎಲ್ಲ ಅದರಲ್ಲಿರುತ್ತದೆ. ಅಲ್ಲಿಗೆ ಹೋದ ಮೇಲೆ ಅರಬ್ಬಿಯಲ್ಲಿ ಇನ್ನೊಂದು ಕಾಗದ ಮುಂದಿಟ್ಟು ಸಹಿ ಹಾಕಿಸುವ ಚಾಳಿ ಹಳೆಯದು. ಎರಡನ್ನೂ ಅಕ್ಕಪಕ್ಕ ಇಟ್ಟು ಅಂಕಿಗಳನ್ನು ಹೋಲಿಸಿ ನೋಡುವುದಕ್ಕೆ ಅರಬ್ಬಿ ಬರಬೇಕಾಗಿಲ್ಲ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375; ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. ಹೊರಡುವ ಹೊತ್ತಿಗೆ ಸಾವಿನ ಮಾತು ಆಡಬೇಡಿ ಅಂತ ನಿನ್ನಮ್ಮ ಗೊಣಗಬಹುದು. ಪಾಲಿಸಿಯ ನಕಲು ಅವಳ ಕಪಾಟಿನಲ್ಲೇ ಇರಲಿ.

ಇಷ್ಟನ್ನು ನಿಮ್ಮ ಹೊರಡುವ ಮುಂಚಿನ ತರಬೇತಿಯಲ್ಲೂ ಹೇಳುತ್ತಾರೆ. ನಾನು ಬರೆಯಲು ಕೂತದ್ದು ಮುಂದಿನದ್ದಕ್ಕೆ.

ನೀನು ಹೋಗುವುದು ಸರ್ಕಾರಿ ಆಸ್ಪತ್ರೆಗೆ. ನಿನಗೊಂದು ಡ್ಯೂಟಿ ಪಟ್ಟಿ ಇರುತ್ತದೆ, ಹೆಡ್ ನರ್ಸ್ ಇರುತ್ತಾಳೆ, ಸಂಬಳ ಬ್ಯಾಂಕಿಗೆ ಬೀಳುತ್ತದೆ, ಹಾಸ್ಟೆಲಿನ ಪಕ್ಕದ ಕೋಣೆಯಲ್ಲಿ ಪುತ್ತೂರಿನವಳೋ ಕೊಟ್ಟಾಯಂನವಳೋ ಇರುತ್ತಾಳೆ. ಏನಾದರೂ ಅನ್ಯಾಯವಾದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ಆದರೆ ನಿನ್ನದೇ ವಿಮಾನದಲ್ಲಿ, ನಿನ್ನದೇ ಸಾಲಿನಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ. ಸೀಟ್ ಬೆಲ್ಟ್ ಹಾಕಲು ಗೊತ್ತಾಗದೆ ನಿನ್ನ ಕಡೆ ನೋಡುತ್ತಾಳೆ. ಅವಳದು ಖಾದಿಮ್ ವೀಸಾ, ಕುವೈತ್‌ನವರು ಇಪ್ಪತ್ತನೇ ನಂಬರ್ ಎನ್ನುವ ಮನೆಕೆಲಸದ ವೀಸಾ. ವಿಮಾನ ನಿಲ್ದಾಣದಲ್ಲಿ ಯಾರೋ ಬಂದು ಅವಳನ್ನು ಕರೆದುಕೊಂಡು ಹೋಗುತ್ತಾರೆ. ಆ ಮೇಲೆ ಅವಳು ನಿನಗೆ ಕಾಣುವುದಿಲ್ಲ. ಕಂಡರೆ ವಾರ್ಡಿನಲ್ಲಿ ಕಾಣುತ್ತಾಳೆ.

ನಾನು ಸರ್ಜಿಕಲ್ ವಾರ್ಡಿನಲ್ಲಿದ್ದಾಗ ಹಾಗೆ ಬಂದವರನ್ನು ನೋಡಿದ್ದೇನೆ. ಬಿಸಿ ಎಣ್ಣೆ ಬಿದ್ದದ್ದು, ಇಸ್ತ್ರಿಪೆಟ್ಟಿಗೆ ತಗುಲಿದ್ದು, ಎರಡನೇ ಮಹಡಿಯಿಂದ ‘ಬಟ್ಟೆ ಒಣಗಿಸುವಾಗ’ ಬಿದ್ದದ್ದು. ಕೇಸ್ ಶೀಟಿನಲ್ಲಿ ಹಾಗೇ ಬರೆದಿರುತ್ತಾರೆ. ಮಂಚದ ಪಕ್ಕದಲ್ಲಿ ಮನೆಯ ಯಜಮಾನಿ ಕೂತಿರುತ್ತಾಳೆ, ವೈದ್ಯರು ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಕೊಡುತ್ತಾಳೆ. ಬಿದ್ದವಳಿಗೆ ತೆಲುಗೋ ಸಿಂಹಳವೋ ಬಿಟ್ಟರೆ ಬೇರೆ ಬಾರದು. ಎಲ್ಲ ಮನೆಗಳೂ ಹೀಗೆ ಎಂದು ಮಾತ್ರ ತಿಳಿಯಬೇಡ. ಕೆಲಸದವಳ ಮಗಳ ಮದುವೆಗೆ ಚಿನ್ನ ಕಳಿಸಿದ ಕುವೈತಿ ಹೆಂಗಸರನ್ನು ನಾನು ಬಲ್ಲೆ. ಕೆಲಸದವಳನ್ನು ಹಿಂಸಿಸಿದ ಭಾರತೀಯ ಮನೆಗಳನ್ನೂ ಬಲ್ಲೆ. ಕೆಡುಕು ಒಂದು ಜನಾಂಗದ್ದಲ್ಲ. ದುಡಿಯುವ ಜಾಗವೂ ಮಲಗುವ ಜಾಗವೂ ಒಂದೇ ಆಗಿ, ಅದರ ಬೀಗದ ಕೈ ಧಣಿಯ ಬಳಿಯೇ ಇರುತ್ತದಲ್ಲ, ಕೆಡುಕು ಇರುವುದು ಅಲ್ಲಿ. ದೇಶದಲ್ಲಿ ಇರುವುದಕ್ಕೆ ಬೇಕಾದ ಅಕಾಮವೂ ಅದೇ ಧಣಿಯ ಹೆಸರಿಗೆ ಅಂಟಿಕೊಂಡಿರುತ್ತದೆ. ಅವನನ್ನು ಬಿಟ್ಟು ಹೊರಬಿದ್ದರೆ ‘ಓಡಿಹೋದಳು’ ಎಂದು ದೂರು ಬೀಳುತ್ತದೆ. ಸಂಬಳ ಕೊಡದವನು ಮನೆಯಲ್ಲೇ ಇರುತ್ತಾನೆ, ಪೊಲೀಸರು ಹುಡುಕುವುದು ಅವಳನ್ನು.

ಇಂಥವರಿಗಾಗಿ ಜಗತ್ತು ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಮನೆಕೆಲಸದವರು ಏಳೂವರೆ ಕೋಟಿ, ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಇವರೂ ಕಾರ್ಮಿಕರೇ, ಇವರಿಗೂ ವಾರದ ರಜೆ, ಗೊತ್ತುಪಡಿಸಿದ ಸಂಬಳ, ತನ್ನ ಪಾಸ್‌ಪೋರ್ಟ್ ತನ್ನ ಬಳಿ ಇಟ್ಟುಕೊಳ್ಳುವ ಹಕ್ಕು ಇರಬೇಕು ಎನ್ನುವ 189ನೇ ಒಪ್ಪಂದ 2011ರ ಜೂನ್ 16ರಂದು ಜಿನೀವಾದಲ್ಲಿ ಅಂಗೀಕಾರವಾಯಿತು. ಪರವಾಗಿ 396 ಮತ, ವಿರೋಧವಾಗಿ ಬರೀ 16. ಭಾರತ ಪರವಾಗಿ ಮತ ಹಾಕಿತು. ಮೊದಲು ಗೊಣಗುತ್ತಿದ್ದ ಗಲ್ಫ್ ದೇಶಗಳೂ ಕೊನೆಗೆ ಒಪ್ಪಿದವು. ಮತ ಹಾಕಿ ಮನೆಗೆ ಬಂದ ಮೇಲೆ ಅದನ್ನು ತನ್ನ ದೇಶದ ಮಟ್ಟಿಗೆ ಸ್ಥಿರೀಕರಿಸಬೇಕು, ಆಗ ಮಾತ್ರ ಅದು ಕಟ್ಟಿಹಾಕುತ್ತದೆ. ಉರುಗ್ವೆ ಮೊದಲು ಮಾಡಿತು, ಫಿಲಿಪ್ಪೀನ್ಸ್ ಅದರ ಬೆನ್ನಿಗೆ. ಭಾರತ ಮಾಡಿಲ್ಲ. ಗಲ್ಫ್‌ನ ಒಂದು ದೇಶವೂ ಮಾಡಿಲ್ಲ. ವಲಸೆ ಕಾರ್ಮಿಕರು ಮತ್ತು ಅವರ ಕುಟುಂಬದವರ ಹಕ್ಕುಗಳಿಗೆ 1990ರ ಡಿಸೆಂಬರ್ 18ರಂದು ವಿಶ್ವಸಂಸ್ಥೆ ಒಪ್ಪಿದ ಒಪ್ಪಂದದ ಕತೆಯೂ ಇದೇ. ಅದರ ನೆನಪಿಗೇ ಡಿಸೆಂಬರ್ 18 ವಲಸಿಗರ ದಿನ. ಜನರನ್ನು ಕಳಿಸುವ ಬಡ ದೇಶಗಳು ಸಹಿ ಹಾಕಿದವು, ಅವರಿಂದ ದುಡಿಸಿಕೊಳ್ಳುವ ಶ್ರೀಮಂತ ದೇಶಗಳು ದೂರ ನಿಂತವು. ಕಳಿಸುವ ದೇಶವಾಗಿಯೂ ನಮ್ಮದು ದೂರವೇ ನಿಂತಿತು, ಅದು ನನಗೆ ಇಂದಿಗೂ ಅರಗದ ಸಂಗತಿ. 2018ರಲ್ಲಿ ಮರಾಕೇಶ್‌ನಲ್ಲಿ ಸುರಕ್ಷಿತ ವಲಸೆಗೆಂದು ಮತ್ತೊಂದು ದೊಡ್ಡ ಜಾಗತಿಕ ಒಡಂಬಡಿಕೆ ಆಯಿತು. ಇಪ್ಪತ್ತಮೂರು ಗುರಿಗಳು, ಆಮೇಲೆ ವಿಶ್ವಸಂಸ್ಥೆಯಲ್ಲಿ 152 ದೇಶಗಳ ಒಪ್ಪಿಗೆ, ಭಾರತವೂ ಸೇರಿ. ಅದು ಯಾರನ್ನೂ ಕಾನೂನಾಗಿ ಕಟ್ಟುವುದಿಲ್ಲ ಎಂದು ಅದರಲ್ಲೇ ಬರೆದಿದೆ.

ಹಾಗಾದರೆ ಇದೆಲ್ಲ ಬರೀ ಕಾಗದವೇ? ಹಾಗೂ ಅಲ್ಲ. ಜಿನೀವಾದಲ್ಲಿ ಎದ್ದ ಗಾಳಿ ಸುತ್ತಿ ಬಳಸಿ ಕುವೈತ್‌ಗೆ ಮುಟ್ಟಿತು. 2015ರಲ್ಲಿ ಅಲ್ಲಿ ಮನೆಕೆಲಸದವರಿಗೆಂದೇ 68ನೇ ಕಾನೂನು ಬಂತು. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಾರಕ್ಕೊಂದು ರಜೆ, ವರ್ಷಕ್ಕೊಂದು ತಿಂಗಳ ಸಂಬಳಸಹಿತ ರಜೆ, ಬಿಡುವಾಗ ದುಡಿದ ವರ್ಷಕ್ಕೊಂದು ತಿಂಗಳ ಸಂಬಳ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತಿಲ್ಲ. ಮರುವರ್ಷ ಕನಿಷ್ಠ ಸಂಬಳ 60 ದಿನಾರ್ ಎಂದಾಯಿತು. 2021ರ ಜೂನ್‌ನಲ್ಲಿ ಭಾರತವೂ ಕುವೈತೂ ಮನೆಕೆಲಸದವರ ನೇಮಕದ ಬಗ್ಗೆ ತಮ್ಮತಮ್ಮಲ್ಲೇ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಕಾನೂನು ಚೆನ್ನಾಗಿದೆ, ನಾನು ನಿಜವಾಗಿಯೇ ಹೇಳುತ್ತಿದ್ದೇನೆ. ತೊಡಕು ಇರುವುದು ಒಂದೇ ಜಾಗದಲ್ಲಿ: ಕಾರ್ಖಾನೆಗೆ ಇನ್‌ಸ್ಪೆಕ್ಟರ್ ಹೋಗುತ್ತಾನೆ, ಮನೆಗೆ ಹೋಗುವುದಿಲ್ಲ. ಮನೆಯ ಖಾಸಗಿತನಕ್ಕೆ ಧಕ್ಕೆಯಾಗದಂತೆ ತಪಾಸಣೆ ನಡೆಯಬೇಕೆಂದು 189ನೇ ಒಪ್ಪಂದವೇ ಹೇಳುತ್ತದೆ. ಹೀಗಾಗಿ ಕಾನೂನು ಹೊಸಿಲಾಚೆ ನಿಲ್ಲುತ್ತದೆ, ಒಳಗಿರುವವಳು ತಾನಾಗಿ ಹೊರಗೆ ಬರಲಿ ಎಂದು ಕಾಯುತ್ತದೆ. ಅವಳ ಫೋನು ಯಜಮಾನಿಯ ಕಪಾಟಿನಲ್ಲಿರುತ್ತದೆ.

ಅವಳು ಹೊರಗೆ ಬರುವ ಜಾಗ ಒಂದೇ, ಆಸ್ಪತ್ರೆ. ಅಲ್ಲಿರುವವಳು ನೀನು.

ಇದರಲ್ಲಿ ಫಿಲಿಪ್ಪೀನ್ಸ್‌ನ ನರ್ಸುಗಳಿಂದ ಕಲಿಯಬೇಕು. ನನ್ನ ಜೊತೆ ದುಡಿದ ಒಬ್ಬಳಿದ್ದಳು, ಮಾತು ಕಡಿಮೆ, ಹಾಡು ಹೆಚ್ಚು. ಅವರ ಊರಿನ ಕೆಲಸದ ಹುಡುಗಿ ಯಾರಾದರೂ ವಾರ್ಡಿಗೆ ಬಂದರೆ ಡ್ರೆಸ್ಸಿಂಗ್ ಮುಗಿಯುವಷ್ಟರಲ್ಲಿ ಹೆಸರು, ಊರು, ಕಳಿಸಿದ ಏಜೆನ್ಸಿ ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು, ಸಂಜೆಯೊಳಗೆ ಅವರ ರಾಯಭಾರ ಕಚೇರಿಯ ಕಾರ್ಮಿಕ ವಿಭಾಗಕ್ಕೆ ಸುದ್ದಿ ಹೋಗಿರುತ್ತಿತ್ತು. ಯಾರಿಗೆ ಫೋನ್ ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ನಮ್ಮ ಹುಡುಗಿಯರಿಗೆ ಯಾವ ಚಿನ್ನದಂಗಡಿಯಲ್ಲಿ ಮಜೂರಿ ಕಡಿಮೆ ಎನ್ನುವುದು ಗೊತ್ತಿತ್ತು. ಅವರಿಗೆ ಆ ಅಭ್ಯಾಸ ಸುಮ್ಮನೆ ಬಂದದ್ದಲ್ಲ. 1995ರ ಮಾರ್ಚ್‌ನಲ್ಲಿ ಫ್ಲೋರ್ ಕಾಂಟೆಂಪ್ಲಾಸಿಯೋನ್ ಎಂಬ ಮನೆಕೆಲಸದವಳನ್ನು ಸಿಂಗಪುರದಲ್ಲಿ ಕೊಲೆ ಆರೋಪದ ಮೇಲೆ ಗಲ್ಲಿಗೇರಿಸಿದರು. ತಮ್ಮ ಸರ್ಕಾರ ಅವಳ ಬೆನ್ನಿಗೆ ನಿಲ್ಲಲಿಲ್ಲ ಎಂದು ಇಡೀ ದೇಶ ಬೀದಿಗಿಳಿಯಿತು. ಮೂರು ತಿಂಗಳೊಳಗೆ ವಿದೇಶದಲ್ಲಿ ದುಡಿಯುವವರ ರಕ್ಷಣೆಗೆ ಒಂದು ಕಾನೂನೇ ಬಂತು. 2021ರ ಕೊನೆಗೆ ವಲಸೆ ಕಾರ್ಮಿಕರಿಗೆಂದೇ ಪ್ರತ್ಯೇಕ ಇಲಾಖೆಯೂ ಬಂತು. ಹೆಂಗಸರ ಕಣ್ಣೀರಿಗೆ ಸರ್ಕಾರ ಕರಗುವುದಿಲ್ಲ ಮಗಾ, ಬೀದಿಯಲ್ಲಿ ನಿಂತವರ ಸಂಖ್ಯೆಗೆ ಕರಗುತ್ತದೆ.

ಈಗ ನೀನು ಮಾಡಬೇಕಾದ್ದು. ಅಂಥವಳು ನಿನ್ನ ವಾರ್ಡಿಗೆ ಬಂದಾಗ, ಇವಳಿಗೆ ಸ್ನಾನ ಮಾಡಿಸಬೇಕು, ಬಟ್ಟೆ ಬದಲಿಸಬೇಕು ಎಂದು ಹೇಳಿ ಜೊತೆಗೆ ಬಂದವರನ್ನು ಹೊರಗೆ ಕಳಿಸು. ನರ್ಸು ಹೇಳಿದರೆ ಯಜಮಾನಿಯೂ ಏಳುತ್ತಾಳೆ. ಆ ಹತ್ತು ನಿಮಿಷದಲ್ಲಿ ಅವಳ ಭಾಷೆ ಬಲ್ಲ ಆಯಾಳನ್ನೋ ಕ್ಲೀನರನ್ನೋ ಕರೆಸು. ಹೆಸರು, ಊರು, ಕಫೀಲ್ ಎನ್ನುವ ವೀಸಾದ ಧಣಿಯ ಹೆಸರು, ಊರಲ್ಲಿ ಯಾರಿಗೆ ತಿಳಿಸಬೇಕು, ಇಷ್ಟು ಸಾಕು. ಗಾಯ ಹೇಗಿದೆ, ಎಲ್ಲಿದೆ, ಎಷ್ಟು ಹಳೆಯದು ಎಂದು ನರ್ಸಿಂಗ್ ನೋಟ್ಸಿನಲ್ಲಿ ಕಂಡದ್ದನ್ನು ಕಂಡಹಾಗೆ ಬರೆ. ಯಾರು ಮಾಡಿದರು ಎಂದು ಬರೆಯುವುದು ನಿನ್ನ ಕೆಲಸವಲ್ಲ. ಒಂದೇ ಅಳತೆಯ ನಾಲ್ಕು ಸುಟ್ಟ ಕಲೆ ಎಂದು ಬರೆದರೆ ಓದುವ ವೈದ್ಯರಿಗೂ ಪೊಲೀಸರಿಗೂ ಅರ್ಥವಾಗುತ್ತದೆ. ಚಾರ್ಜ್ ನರ್ಸಿಗೆ, ಆಸ್ಪತ್ರೆಯ ಸಮಾಜ ಸೇವಾ ವಿಭಾಗ ಇದ್ದರೆ ಅಲ್ಲಿಗೆ, ಅವಳು ಒಪ್ಪಿದರೆ ಭಾರತೀಯ ರಾಯಭಾರ ಕಚೇರಿಗೆ ತಿಳಿಸು. ಅವಳು ನೇಪಾಳದವಳಾದರೆ ನೇಪಾಳದ ಕಚೇರಿಗೆ. ಕೇಸಾಗಿ ಪೊಲೀಸರು ಹಿಡಿದರೆ ತನ್ನ ದೇಶದ ರಾಯಭಾರ ಕಚೇರಿಗೆ ತಿಳಿಸಿ ಎಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಿಂದ ಬಂದದ್ದು. ಅದನ್ನು ಅವಳಿಗೆ ಅವಳ ಭಾಷೆಯಲ್ಲಿ ಹೇಳಿಸು. ಹಕ್ಕು ಇದೆ ಎಂದು ಗೊತ್ತಿರದವಳು ಕೇಳುವುದಾದರೂ ಹೇಗೆ?

ಒಂದು ಕೆಲಸ ಮಾತ್ರ ಮಾಡಬೇಡ. ಓಡಿಬಂದವಳನ್ನು ಹಾಸ್ಟೆಲಿನ ಕೋಣೆಯಲ್ಲಿ ಅಡಗಿಸಿಡಬೇಡ. ಕರುಣೆಯಿಂದ ಹಾಗೆ ಮಾಡಿ ತಾವೂ ಕೆಲಸ ಕಳೆದುಕೊಂಡು ಅವಳನ್ನೂ ಗಡೀಪಾರಿಗೆ ದೂಡಿದವರಿದ್ದಾರೆ. ಅಲ್ಲಿನ ಕಾನೂನಿನಲ್ಲಿ ಆಶ್ರಯ ಕೊಟ್ಟವರೂ ತಪ್ಪಿತಸ್ಥರೇ. ಅವಳನ್ನು ಟ್ಯಾಕ್ಸಿಯಲ್ಲಿ ಕೂರಿಸಿ ರಾಯಭಾರ ಕಚೇರಿಗೆ ಕರೆದುಕೊಂಡು ಹೋಗು. ಕುವೈತ್ ಸರ್ಕಾರವೂ ಇಂಥ ಹೆಂಗಸರಿಗೆ ಒಂದು ಆಶ್ರಯಧಾಮ ನಡೆಸುತ್ತದೆ. ವಾಪಸು ಕಳಿಸುವ ಟಿಕೆಟ್ಟಿಗೆ, ವಕೀಲರಿಗೆ, ಊಟ ವಸತಿಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದು 2009ರಿಂದ ಇದೆ. ನೀನು ಪಾಸ್‌ಪೋರ್ಟ್ ನವೀಕರಣಕ್ಕೋ ಅಟೆಸ್ಟೇಷನ್‌ಗೋ ಕಟ್ಟುವ ಶುಲ್ಕದ ಜೊತೆ ಸೇರಿಸಿ ವಸೂಲಾಗುವ ಸಣ್ಣ ಮೊತ್ತವೇ ಆ ನಿಧಿ. ನೀವೆಲ್ಲ ಕಟ್ಟಿದ ದುಡ್ಡು ಅದು, ಕೇಳುವುದಕ್ಕೆ ಸಂಕೋಚ ಬೇಡ.

ನಮ್ಮ ಸಂಘಗಳ ವಿಷಯವನ್ನೂ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಸರವಾದರೆ ಆಗಲಿ. ಗಲ್ಫ್‌ನಲ್ಲಿ ಕನ್ನಡ ಸಂಘ, ತುಳು ಕೂಟ, ಕೊಂಕಣಿ ಸಂಘಟನೆ, ಬ್ಯಾರಿಗಳ ಒಕ್ಕೂಟ, ಜಾತಿಗೊಂದು ಸಮಾಜ ಎಲ್ಲ ಇವೆ. ರಾಜ್ಯೋತ್ಸವ ಮಾಡುತ್ತಾರೆ, ಊರಿಂದ ಯಕ್ಷಗಾನ ಮೇಳ ಕರೆಸುತ್ತಾರೆ, ರಕ್ತದಾನ ಮಾಡುತ್ತಾರೆ, ಯಾರಾದರೂ ಸತ್ತರೆ ಶವ ಊರಿಗೆ ಕಳಿಸಲು ರಾತ್ರಿಯೆಲ್ಲ ಓಡಾಡುತ್ತಾರೆ. ಆ ಓಡಾಟವನ್ನು ಕಣ್ಣಾರೆ ಕಂಡಿದ್ದೇನೆ, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಅವರ ಸದಸ್ಯರ ಪಟ್ಟಿಯಲ್ಲಿ ಖಾದಿಮ್ ವೀಸಾದ ಹೆಂಗಸು ಎಷ್ಟು ಜನ? ಶುಕ್ರವಾರ ರಜೆ ಇದ್ದವರಿಗೆ ಮಾತ್ರ ಶುಕ್ರವಾರದ ಸಂಘ. ಅವಳಿಗೆ ರಜೆಯೇ ಇಲ್ಲ, ಇದ್ದರೂ ಸೀರೆಯಿಲ್ಲ, ಸಭೆಯಲ್ಲಿ ಎಲ್ಲಿ ಕೂರಬೇಕೆಂದು ಗೊತ್ತಿಲ್ಲ. ಫಿಲಿಪ್ಪೀನ್ಸ್‌ನ ಮನೆಕೆಲಸದವರು ಕುವೈತ್‌ನಲ್ಲೇ ಸಾಂಡಿಗನ್ ಎಂಬ ತಮ್ಮದೇ ಸಂಘ ಕಟ್ಟಿಕೊಂಡಿದ್ದಾರೆ. ಜಗತ್ತಿನ ಮನೆಕೆಲಸದವರೆಲ್ಲ ಸೇರಿ 2013ರಲ್ಲಿ ಉರುಗ್ವೆಯ ಮೊಂಟೆವಿಡಿಯೋದಲ್ಲಿ ಒಂದು ಒಕ್ಕೂಟವನ್ನೇ ಮಾಡಿಕೊಂಡರು. ನಮ್ಮ ಸಂಘಗಳಿಗೆ ನೀನು ಸೇರು, ಹಾಡು, ಕುಣಿ. ಆ ಮೇಲೆ ಕಾರ್ಯಕಾರಿ ಸಮಿತಿಯಲ್ಲಿ ಎದ್ದು ನಿಂತು ಈ ಪ್ರಶ್ನೆಯನ್ನೂ ಕೇಳು. ಪ್ರವಾಸಿ ಭಾರತೀಯ ದಿವಸವನ್ನು 2017ರಲ್ಲಿ ಬೆಂಗಳೂರಲ್ಲೇ ಮಾಡಿದರಲ್ಲ, ಅಂಥ ವೇದಿಕೆಗಳಲ್ಲಿ ಹೂಡಿಕೆ ಮಾಡುವ ಅನಿವಾಸಿಗೆ ಮುಂದಿನ ಕುರ್ಚಿ ಸಿಗುತ್ತದೆ. ಅಡುಗೆಮನೆಯಿಂದ ಹಣ ಕಳಿಸಿದವಳಿಗೆ ಕುರ್ಚಿ ಸಿಕ್ಕಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಹಣದ ಮಾತು ಬಂತು. 189ನೇ ಒಪ್ಪಂದ ಅಂಗೀಕಾರವಾದ ಜೂನ್ 16 ಈಗ ಮನೆಕೆಲಸದವರ ದಿನ, ಅದೇ ಜೂನ್ 16 ಮನೆಗೆ ಹಣ ಕಳಿಸುವವರ ಅಂತರರಾಷ್ಟ್ರೀಯ ದಿನವೂ ಹೌದು. ಎರಡನ್ನೂ ಬೇರೆಬೇರೆ ಸಂಸ್ಥೆಗಳು ಬೇರೆಬೇರೆ ಕಾರಣಕ್ಕೆ ಗೊತ್ತುಮಾಡಿದ್ದು. ಭಾರತಕ್ಕೆ 2024ರಲ್ಲಿ ಹೊರಗಿನಿಂದ ಬಂದದ್ದು ಸುಮಾರು 129 ಶತಕೋಟಿ ಡಾಲರ್, ಜಗತ್ತಿನಲ್ಲೇ ಹೆಚ್ಚು. ಹಣ ಕಳಿಸುವ ಖರ್ಚನ್ನು 2030ರೊಳಗೆ ಶೇಕಡಾ 3ಕ್ಕೆ ಇಳಿಸಬೇಕೆಂದು ವಿಶ್ವಸಂಸ್ಥೆ ಗುರಿ ಇಟ್ಟುಕೊಂಡಿದೆ. ಗಲ್ಫ್‌ನಿಂದ ಇಲ್ಲಿಗೆ ಎಕ್ಸ್‌ಚೇಂಜ್‌ನಲ್ಲೋ ಬ್ಯಾಂಕಿನಲ್ಲೋ ವಿಚಾರಿಸಿ ಕಳಿಸಿದರೆ ಖರ್ಚು ಹೆಚ್ಚಿಲ್ಲ, ಅದರ ಚಿಂತೆ ನಿನಗೆ ಬೇಡ. ನಿನ್ನ ಚಿಂತೆ ಹಣ ಬಂದು ಬೀಳುವ ಖಾತೆ ಯಾರದು ಎನ್ನುವುದು. ಅಣ್ಣನ ಖಾತೆಗೆ, ಗಂಡನ ಖಾತೆಗೆ, ಮಾವನ ಖಾತೆಗೆ ಹದಿನೈದು ಇಪ್ಪತ್ತು ವರ್ಷ ಕಳಿಸಿ, ಮರಳಿ ಬಂದಾಗ ತಾನು ಕಟ್ಟಿಸಿದ ಮನೆಯಲ್ಲಿ ನೆಂಟರ ಹಾಗೆ ಕೂತ ಹೆಂಗಸರು ನಮ್ಮ ಕರಾವಳಿಯ ಊರೂರಲ್ಲಿದ್ದಾರೆ. ಹೋದ ಕೂಡಲೇ ನಿನ್ನ ಹೆಸರಿಗೆ ಅನಿವಾಸಿಗಳ ಎನ್‌ಆರ್‌ಇ ಖಾತೆ ತೆರೆ, ಅದಕ್ಕೆ ಕಳಿಸು, ಅಲ್ಲಿಂದ ಮನೆಗೆ ಕೊಡು. ಕೊಡಬೇಡ ಅನ್ನುವುದಿಲ್ಲ, ಕೊಟ್ಟದ್ದು ನೀನು ಎಂದು ಪುಸ್ತಕದಲ್ಲಿ ಕಾಣಬೇಕು. ಮರಳಿ ಬರುವ ಬಡ ಕೆಲಸಗಾರರಿಗೆ ಪಿಂಚಣಿ, ಪುನರ್ವಸತಿ ಎಂದು ನಮ್ಮ ಸರ್ಕಾರ 2012ರಲ್ಲಿ ಮಹಾತ್ಮ ಗಾಂಧಿ ಪ್ರವಾಸಿ ಸುರಕ್ಷಾ ಯೋಜನೆ ತಂದಿತ್ತು, ಹೆಂಗಸರಿಗೆ ಸರ್ಕಾರದ ಪಾಲು ಸ್ವಲ್ಪ ಹೆಚ್ಚೂ ಇತ್ತು. ಸೇರಿದವರು ಕಡಿಮೆ ಎಂದು 2017ರಲ್ಲಿ ಮುಚ್ಚಿದರು. ಸೇರಬೇಕಾದವಳು ಅಡುಗೆಮನೆಯಲ್ಲಿದ್ದಳು, ಯೋಜನೆ ಇದೆಯೆಂದು ಅವಳಿಗೆ ಹೇಳಿದವರು ಯಾರೂ ಇರಲಿಲ್ಲ.

ರಾಯಭಾರ ಕಚೇರಿಯಲ್ಲಿ ನಿನ್ನ ಹೆಸರು, ಫೋನ್ ನಂಬರ್ ದಾಖಲಾಗಿರಲಿ. ಯಾವ ಹೊತ್ತಿಗೆ ಏನಾಗುತ್ತದೋ ಗೊತ್ತಿಲ್ಲ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ನುಂಗಿದಾಗ ಅಲ್ಲಿಂದ ಅಮ್ಮಾನ್ ಮೂಲಕ 1,70,000ಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ ಹೊತ್ತು ತಂದಿತು. ನನಗಿಂತ ಹಿರಿಯರು ಆ ಕತೆ ಹೇಳುವಾಗ ಈಗಲೂ ದನಿ ನಡುಗುತ್ತದೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಗುಂಡು ಹಾರಿದಾಗ ಅಲ್ಲಿ ನಾಟಿ ಔಷಧಿ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದರು, ಹೆಂಗಸರೂ ಇದ್ದರು. ಆಪರೇಷನ್ ಕಾವೇರಿಯಲ್ಲಿ ಅವರನ್ನು ಪೋರ್ಟ್ ಸುಡಾನ್‌ನಿಂದ ಹಡಗಲ್ಲಿ ಜೆದ್ದಾಕ್ಕೆ, ಅಲ್ಲಿಂದ ವಿಮಾನದಲ್ಲಿ ಊರಿಗೆ ತಂದರು. ಇಂಥ ಹೊತ್ತಲ್ಲಿ ಎಲ್ಲಿದ್ದಾರೆ ಎನ್ನುವುದು ಕಚೇರಿಯ ದಾಖಲೆಯಲ್ಲಿ ಇರುವವರನ್ನು ಮೊದಲು ಹುಡುಕುತ್ತಾರೆ.

ಇನ್ನು ಕೆಳಮನೆ ಹುಡುಗಿಯ ವಿಷಯ. ನಿನ್ನ ಜೊತೆ ಕನ್ನಡ ಶಾಲೆಗೆ ಹೋಗಿ ಒಂಬತ್ತನೇ ಕ್ಲಾಸಿಗೆ ಬಿಟ್ಟವಳು ಈಗ ಗಲ್ಫ್‌ಗೆ ಹೊರಟಿದ್ದಾಳಂತೆ, ಯಾರೋ ವಿಸಿಟ್ ವೀಸಾ ಕೊಡಿಸುತ್ತಾರಂತೆ. ಅದು ಕಿವಿಗೆ ಬಿದ್ದಾಗಿನಿಂದ ನನಗೆ ಸಮಾಧಾನವಿಲ್ಲ. ಹತ್ತನೇ ಕ್ಲಾಸು ಪಾಸಾಗದವಳ ಪಾಸ್‌ಪೋರ್ಟಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ಮೂವತ್ತು ತುಂಬದ ಹೆಣ್ಣಿಗೆ ಅದು ಸಿಗುವುದಿಲ್ಲ. ಅವಳಿಗೆ ನಿನ್ನ ವಯಸ್ಸೇ. ಕಾಯಲೆಂದು ಮಾಡಿದ ನಿಯಮ ಅದು. ಆದರೆ ಹೆಣ್ಣು ಎನ್ನುವ ಕಾರಣಕ್ಕೆ, ವಯಸ್ಸಿನ ಕಾರಣಕ್ಕೆ ವಲಸೆಯನ್ನು ತಡೆಯಬೇಡಿ ಎಂದು ಮಹಿಳೆಯರ ಹಕ್ಕುಗಳ ವಿಶ್ವಸಂಸ್ಥೆಯ ಸಮಿತಿ 2008ರಲ್ಲೇ ದೇಶಗಳಿಗೆಲ್ಲ ಹೇಳಿದೆ. ನನ್ನ ಮಟ್ಟಿಗೆ ಸಮಿತಿ ಹೇಳಿದ್ದೇ ಸರಿ. ಹಸಿದವಳು ಮೂವತ್ತು ತುಂಬಲಿ ಎಂದು ಕಾಯುವುದಿಲ್ಲ, ಅಡ್ಡದಾರಿ ಹಿಡಿಯುತ್ತಾಳೆ. ನೇಪಾಳ ಹೀಗೇ ತಡೆ ಹಾಕಿದಾಗ ಅಲ್ಲಿನ ಹುಡುಗಿಯರು ನಮ್ಮ ದೆಹಲಿಯ ಮೂಲಕ ಗಲ್ಫ್ ಸೇರಿದರು. ನಮ್ಮವರು ದುಬೈಗೆ ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿಂದ ಮಸ್ಕತ್ತಿಗೋ ಮತ್ತೆಲ್ಲಿಗೋ ಸಾಗುತ್ತಾರೆ. ಆ ದಾರಿಯಲ್ಲಿ ಹೋದವಳಿಗೆ ನಾನು ಮೇಲೆ ಹೇಳಿದ ಒಂದೂ ಇಲ್ಲ. ಇ-ಮೈಗ್ರೇಟ್‌ನಲ್ಲಿ ಕರಾರಿಲ್ಲ, 275 ರೂಪಾಯಿಯ ವಿಮೆಯಿಲ್ಲ, ಧಣಿ ಯಾರೆಂದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲ. ನಿಯಮ ತಪ್ಪು ಎನ್ನುವುದು ಬೇರೆ, ಅದನ್ನು ಮೀರಿದ್ದಕ್ಕೆ ಅವಳೊಬ್ಬಳೇ ಬೆಲೆ ತೆರುತ್ತಾಳೆ ಎನ್ನುವುದು ಬೇರೆ.

ವಯಸ್ಸು ತಿದ್ದಿಸಿ ಕಳಿಸುತ್ತೇವೆ ಎನ್ನುವ ಏಜೆಂಟರೂ ಇರುತ್ತಾರೆ. ಅವಳಿಗೆ ರಿಜಾನಾ ನಫೀಕ್‌ಳ ಕತೆ ಹೇಳು. ಶ್ರೀಲಂಕಾದ ಮುತ್ತೂರಿನ ಬಡ ಹುಡುಗಿ. 2005ರಲ್ಲಿ ಹದಿನೇಳರ ಅವಳಿಗೆ ಏಜೆಂಟ್ ಇಪ್ಪತ್ತಮೂರು ವರ್ಷ ಎಂದು ಪಾಸ್‌ಪೋರ್ಟ್ ಮಾಡಿಸಿ ಸೌದಿಗೆ ಮನೆಕೆಲಸಕ್ಕೆ ಕಳಿಸಿದ. ಹೋದ ಕೆಲವೇ ವಾರಗಳಲ್ಲಿ ಅವಳ ಕೈಯಲ್ಲಿದ್ದ ಕೂಸು ಸತ್ತಿತು. ಹಾಲು ಕುಡಿಸುವಾಗ ಉಸಿರುಗಟ್ಟಿತು ಎಂದು ಅವಳು, ಕೊಂದಳು ಎಂದು ಕೂಸಿನ ಮನೆಯವರು. ಅಪ್ರಾಪ್ತೆಯಾಗಿದ್ದಳು ಎಂದು ಹೇಳಿದರೂ ಪಾಸ್‌ಪೋರ್ಟಿನ ತಾರೀಖು ಅವಳ ವಿರುದ್ಧ ನಿಂತಿತು. ಜಗತ್ತಿನ ಎಷ್ಟೋ ಕಡೆಯಿಂದ ಮನವಿ ಹೋಯಿತು. 2013ರ ಜನವರಿಯಲ್ಲಿ ಅವಳ ತಲೆ ಕಡಿದರು.

ಭಾನುವಾರ ಕೆಳಮನೆಯವಳನ್ನು ನನ್ನಲ್ಲಿಗೆ ಕರೆದುಕೊಂಡು ಬಾ. ಏಜೆಂಟ್ ಕೊಟ್ಟ ಕಾಗದ, ವೀಸಾದ ನಕಲು ಏನಿದೆಯೋ ಎಲ್ಲ ತರಲಿ. ಅವನ ಲೈಸೆನ್ಸ್ ನಂಬರನ್ನು ನೀನೇ ಇ-ಮೈಗ್ರೇಟ್‌ನಲ್ಲಿ ಹಾಕಿ ನೋಡಿ ನನಗೆ ಹೇಳು, ನನಗೆ ಈ ಫೋನಿನಲ್ಲಿ ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ. 1800 11 3090ಕ್ಕೆ ಫೋನ್ ಮಾಡಿದರೆ ಪ್ರವಾಸಿ ಭಾರತೀಯ ಸಹಾಯ ಕೇಂದ್ರದವರು ಸಿಗುತ್ತಾರೆ, ದುಡ್ಡು ಬೀಳುವುದಿಲ್ಲ. ಅವಳ ಎದುರಿಗೇ ಮಾಡೋಣ. ವಲಸಿಗರ ರಕ್ಷಣಾಧಿಕಾರಿಯ ಕಚೇರಿ ಬೆಂಗಳೂರಲ್ಲೂ ಇದೆ, ಬೇಕಾದರೆ ನಾನೇ ರಾತ್ರಿ ಬಸ್ಸಿಗೆ ಹತ್ತಿ ಹೋಗಿ ಬರುತ್ತೇನೆ. ಅವಳಮ್ಮ ಸಾಲ ಎತ್ತಿ ಅಡ್ವಾನ್ಸ್ ಕೊಟ್ಟಾಗಿದೆಯಂತೆ. ಎಷ್ಟು ಕೊಟ್ಟಿದ್ದಾರೆ, ರಸೀದಿ ಇದೆಯೇ ಎಂದು ಬರುವಾಗಲೇ ವಿಚಾರಿಸಿಕೊಂಡು ಬಾ.

ನಿನ್ನ ದೊಡ್ಡಮ್ಮ